ಲಿಯಾಖತ್ ಮೇಷ್ಟ್ರ ಮಾತಿಲ್ಲದ ಲೆಕ್ಕ

ಯರ್ರಗುಂಟಪಲ್ಲಿ ಹೈಸ್ಕೂಲಿನಲ್ಲಿ ಲೆಕ್ಕದ ಪಾಠ ನಡೆಯುತ್ತಿದೆಯೋ ಇಲ್ಲವೋ ಎಂಬುದು ಬಸ್ಸಿಗೆ ಕಾಯುತ್ತ ನಿಂತವರಿಗೂ ತಿಳಿಯುತ್ತಿತ್ತು. ಲಿಯಾಖತ್ ಮೇಷ್ಟ್ರ ಧ್ವನಿ ಅಷ್ಟು ದೊಡ್ಡದು. ಗೌನಿಪಲ್ಲಿ ದಾಟಿ ಆಂಧ್ರದ ಗಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಸ್ಕೂಲಿಗೂ ಬಸ್ ನಿಲ್ಲುವ ಕಟ್ಟೆಗೂ ನಡುವೆ ಒಂದು ಮಾವಿನ ತೋಪು. ಆ ತೋಪನ್ನು ದಾಟಿ ಬರುತ್ತಿದ್ದ ಮಾತು ಒಂದೊಂದು ಸಲ ಕನ್ನಡ, ಒಂದೊಂದು ಸಲ ತೆಲುಗು.

ಮೇಷ್ಟ್ರ ಸ್ವಂತ ಊರು ಮುಳಬಾಗಿಲು. ಅವರ ತಂದೆ ನಬೀ ಸಾಬ್ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ತೆಲುಗು, ಓದಿದ್ದು ಕನ್ನಡದಲ್ಲಿ. ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿಕೊಂಡು, ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಊರಿಗೆ ಬಂದರು. ಇಲ್ಲಿನ ಮಕ್ಕಳಿಗೆ ಮನೆಮಾತು ತೆಲುಗು, ಪುಸ್ತಕ ಕನ್ನಡ. ‘ಬಹುಪದೋಕ್ತಿಯನ್ನು ಅಪವರ್ತಿಸಿ’ ಎಂದು ಪುಸ್ತಕದಲ್ಲಿದ್ದರೆ ಅರ್ಧ ತರಗತಿ ಮೊದಲ ಪದಕ್ಕೇ ಸುಸ್ತಾಗಿ ಕೂರುತ್ತಿತ್ತು. ಮೇಷ್ಟ್ರು ಅದಕ್ಕೊಂದು ಹಾದಿ ಕಂಡುಕೊಂಡಿದ್ದರು. ಎಲ್ಲವನ್ನೂ ರಾಗವಾಗಿ ಹೇಳುತ್ತಿದ್ದರು.

“ಕಲಿಪಿತೇ ನಡಿಮಿದಿ, ಗುಣಿಸ್ತೇ ಚಿವರಿದಿ!”

ಕೂಡಿದರೆ ನಡುವಿನದು ಬರಬೇಕು, ಗುಣಿಸಿದರೆ ಕೊನೆಯದು ಬರಬೇಕು ಎಂದು ಅದರ ಅರ್ಥ. ಎಕ್ಸ್ ವರ್ಗ, ಏಳು ಎಕ್ಸ್, ಹನ್ನೆರಡು ಎಂದು ಬೋರ್ಡಿನ ಮೇಲೆ ಬರೆದು ಈ ಸಾಲನ್ನು ಕೂಗಿದರೆ, ಇಡೀ ತರಗತಿ “ಮೂರು, ನಾಲ್ಕು!” ಎಂದು ಕೂಗುತ್ತಿತ್ತು. ಕೂಡಿದರೆ ಏಳು, ಗುಣಿಸಿದರೆ ಹನ್ನೆರಡು. ಹೊಲದಲ್ಲಿ ದನ ಕಾಯುವ ಹುಡುಗರೂ ಈ ಸಾಲನ್ನು ಹಾಡಿಕೊಂಡು ಓಡಾಡುತ್ತಿದ್ದರು. ನಾನು ಎಂಟನೇ ಕ್ಲಾಸಿಗೆ ಸೇರುವ ಮೊದಲೇ ನನಗೆ ಅದು ಬಾಯಿಪಾಠವಾಗಿತ್ತು. ಅದು ಲೆಕ್ಕ ಎಂದು ತಿಳಿದದ್ದು ಆಮೇಲೆ.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಎಪ್ಪತ್ತೆಂಟರ ಮಳೆಗಾಲದ ಹೊತ್ತಿಗೆ, ಆ ಧ್ವನಿ ಒಡೆಯತೊಡಗಿತು. ಮೊದಮೊದಲು ಶೀತವೆಂದರು. ಮೆಣಸಿನ ಕಷಾಯವಾಯಿತು, ಜೇನುತುಪ್ಪವಾಯಿತು. ದೀಪಾವಳಿ ಕಳೆದರೂ ಗಂಟಲು ತಿಳಿಯಾಗಲಿಲ್ಲ. ಮೇಷ್ಟ್ರ ಹೆಂಡತಿ ಗೌಹರ್ ಬಲವಂತ ಮಾಡಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಕನ್ನಡಿ ಹಿಡಿದು ಒಳಗೆ ನೋಡಿ, ಹೆಚ್ಚು ಮಾತಾಡದೆ ಬೆಂಗಳೂರಿಗೆ ಕಳಿಸಿದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆಯಿತ್ತು.

ಮುಂದಿನದನ್ನು ಎಷ್ಟೋ ವರ್ಷಗಳ ಮೇಲೆ ಗೌಹರಮ್ಮನೇ ನನಗೆ ಹೇಳಿದರು. ಬೆಂಗಳೂರಿನ ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರಂತೆ.

“ನೋಡಿ ಮೇಷ್ಟ್ರೇ, ಜೀವ ಉಳೀಬೇಕು ಅಂದ್ರೆ ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಉಸಿರಾಡೋಕೆ ಕುತ್ತಿಗೆ ಹತ್ರ ಒಂದು ತೂತು ಮಾಡ್ತೀವಿ. ಊಟ ಮಾಡಬಹುದು, ಓಡಾಡಬಹುದು. ಮಾತು ಮಾತ್ರ ಇರಲ್ಲ.”

ಮೇಷ್ಟ್ರು ಆ ಒಡಕು ಧ್ವನಿಯಲ್ಲೇ ಕೇಳಿದರು: “ನಾನು ಮೇಷ್ಟ್ರು ಸಾರ್. ಮಾತು ತೆಗೆದ ಮೇಲೆ ಏನು ಉಳೀತದೆ?”

ಡಾಕ್ಟರಿಗಿಂತ ಮೊದಲು ಗೌಹರಮ್ಮನೇ, “ನೀವು ಉಳೀತೀರಿ. ನನಗೆ ಅದು ಸಾಕು,” ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಆಪರೇಷನ್ನಿನ ಹಿಂದಿನ ಸಂಜೆ ಗಂಡ ಏನಾದರೂ ಹೇಳಬಹುದೆಂದು ಅವತ್ತೇ ಮುಳಬಾಗಿಲಿನಿಂದ ಬಂದಿದ್ದ ಗೌಹರಮ್ಮ ಮಂಚದ ಪಕ್ಕದಲ್ಲೇ ಕಾದು ಕೂತಿದ್ದರು. ನಾಳೆಯಿಂದ ಆಡಲಾಗದ ಮನುಷ್ಯ ಇವತ್ತು ಏನೇನು ಆಡಬಹುದು! ಮೇಷ್ಟ್ರು ಅವರ ಕಡೆಗೆ ತಿರುಗಿ, “ಮುಳಬಾಗಿಲ ಬಸ್ಸಲ್ಲಿ ಸೀಟು ಸಿಕ್ಕಿತ್ತಾ ನಿನಗೆ?” ಎಂದು ಕೇಳಿದರು. ಸಿಕ್ಕಿತ್ತು ಎಂದರು ಇವರು. “ಒಳ್ಳೇದಾಯ್ತು,” ಎಂದರು ಅವರು. ಆಮೇಲೆ ನರ್ಸು ಬಂದು ದೀಪ ಆರಿಸಿದಳು. “ಅಷ್ಟೇ ಕಣಪ್ಪ ಅವರಾಡಿದ್ದು,” ಎಂದು ಗೌಹರಮ್ಮ ನಕ್ಕರು. “ಸೀಟಿನ ವಿಷಯ.”

ಮುಂದಿನ ಜೂನ್ ತಿಂಗಳಲ್ಲಿ ಸ್ಕೂಲು ಶುರುವಾದಾಗ ಮೇಷ್ಟ್ರು ವಾಪಸು ಬಂದರು. ಸೊರಗಿಹೋಗಿದ್ದರು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಅಂಥ ಬಟ್ಟೆಗಳನ್ನು ಗೌಹರಮ್ಮ ಹೊಲಿದು ಒಂದು ರಾಶಿ ಮಾಡಿಟ್ಟಿದ್ದರು. ಉಸಿರಾಡಿದಾಗ ಆ ಬಟ್ಟೆ ಸಣ್ಣಗೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ನಾವು ಅದನ್ನೇ ನೋಡುತ್ತಿದ್ದೆವು.

ಹೆಡ್ ಮಾಸ್ಟರ್ ಕೋದಂಡರಾಮಪ್ಪನವರು ಒಳ್ಳೆಯವರು, ಆದರೆ ಗಾಬರಿಯ ಮನುಷ್ಯ. ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆದು, “ಲಿಯಾಖತ್ ಸಾಹೇಬ್ರೇ, ಆಫೀಸ್ ಕೆಲಸ ನೋಡ್ಕೊಳ್ಳಿ. ಸಂಬಳಕ್ಕೇನೂ ತೊಂದ್ರೆ ಆಗ್ದಂಗೆ ನಾನು ಮೇಲಿನೋರ ಹತ್ರ ಮಾತಾಡ್ತೀನಿ. ಲೆಕ್ಕಕ್ಕೆ ಬೇರೆಯೋರ್ನ ಕೇಳೋಣ,” ಎಂದರು.

ಮೇಷ್ಟ್ರು ಕೈಯಲ್ಲಿದ್ದ ಸ್ಲೇಟಿನ ಮೇಲೆ ಬರೆದರು: ‘ಮಳೆಗಾಲ ಮುಗಿಯುವವರೆಗೆ ಬಿಟ್ಟು ನೋಡಿ.’

ಬೇರೆಯವರು ಬರುವುದಕ್ಕೂ ಅಷ್ಟು ಕಾಲ ಹಿಡಿಯುತ್ತಿತ್ತು. ಕೋದಂಡರಾಮಪ್ಪನವರು ಒಪ್ಪಿದರು.

ಮೊದಲ ವಾರಗಳನ್ನು ನೆನೆಸಿಕೊಂಡರೆ ಈಗಲೂ ಕಸಿವಿಸಿಯಾಗುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು, ನಾವು ನಕಲು ಮಾಡುತ್ತಿದ್ದೆವು. ಅವರು ಬೆನ್ನು ತಿರುಗಿಸಿದೊಡನೆ ಹಿಂದಿನ ಬೆಂಚಿನಲ್ಲಿ ಗಲಾಟೆ. ಕೂಗಲಾಗದು, ಗದರಲಾಗದು. ಸೀಮೆಸುಣ್ಣದ ಪುಡಿ ಹಾರಿ ಕುತ್ತಿಗೆಯ ತೂತಿಗೆ ಹೋದರೆ ಕೆಮ್ಮು ಹತ್ತುತ್ತಿತ್ತು. ಆ ಕೆಮ್ಮಿಗೂ ಸದ್ದಿರಲಿಲ್ಲ, ಬರೀ ಗಾಳಿ. ಅವರು ವರಾಂಡಕ್ಕೆ ಹೋಗಿ ಸುಧಾರಿಸಿಕೊಂಡು ಬರುವಷ್ಟರಲ್ಲಿ ಅರ್ಧ ಪೀರಿಯಡ್ ಮುಗಿದಿರುತ್ತಿತ್ತು. ಆಮೇಲೆ ನಾವೇ ಸೀಮೆಸುಣ್ಣವನ್ನು ನೀರಿನಲ್ಲಿ ನೆನೆಸಿಡತೊಡಗಿದೆವು, ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದೆವು. ಪುಡಿ ನಿಂತಿತು. ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ. ಜುಲೈ ಕೊನೆಯ ಪರೀಕ್ಷೆಯಲ್ಲಿ ಮುಕ್ಕಾಲು ತರಗತಿ ಫೇಲು.

ಅದಾದ ಮಾರನೆಯ ದಿನ ಮೇಷ್ಟ್ರು ಪಾಠದ ರೀತಿ ಬದಲಾಯಿಸಿದರು. ಬೋರ್ಡಿನ ಮೇಲೆ ಒಂದೇ ಸಾಲು ಬರೆದರು:

6x² + 11x + 3

ಬರೆದು ಸೀಮೆಸುಣ್ಣವನ್ನು ಮುನಿಶಾಮಮ್ಮನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ಮುನಿಶಾಮಮ್ಮ ನಮ್ಮ ಊರಿನ ದೊಡ್ಡವೆಂಕಟಪ್ಪನವರ ಮಗಳು. ಮಾವಿನ ತೋಪು ಅವರದೇ. ಅವಳು ಎಲ್ಲರೆದುರು ಬಾಯಿಬಿಟ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅವಳು ಬೋರ್ಡಿನ ಮುಂದೆ ನಿಂತು ತಲೆ ತಗ್ಗಿಸಿದಳು. ಮೇಷ್ಟ್ರು ತಮ್ಮ ಬಾಯಿಯ ಮೇಲೆ ಬೆರಳಿಟ್ಟು, ಆಮೇಲೆ ಅವಳ ಕಡೆಗೆ ತೋರಿಸಿದರು. ನನಗೆ ಆಗದು, ನೀನು ಹೇಳು ಎಂದು ಅದರರ್ಥ.

ಅವಳು ಮೆಲ್ಲಗೆ ಶುರು ಮಾಡಿದಳು. “ಮೊದಲನೇದು ಕೊನೇದು ಗುಣಿಸ್ಬೇಕು. ಆರು ಮೂರ್ಲೆ ಹದಿನೆಂಟು. ಕೂಡಿದ್ರೆ ಹನ್ನೊಂದು, ಗುಣಿಸಿದ್ರೆ ಹದಿನೆಂಟು ಬರ್ಬೇಕು. ಒಂಬತ್ತು, ಎರಡು.”

ಮೇಷ್ಟ್ರು ಬೆರಳ ಗೆಣ್ಣಿನಿಂದ ಬೋರ್ಡನ್ನು ಒಂದು ಸಲ ತಟ್ಟಿದರು. ಸರಿ, ಮುಂದೆ ಹೋಗು. ಅವಳು ಹನ್ನೊಂದು ಎಕ್ಸನ್ನು ಒಡೆದು, ಎರಡೆರಡು ಪದಗಳನ್ನು ಜೋಡಿ ಮಾಡಿ ಬರೆದಳು:

3x(2x + 3) + 1(2x + 3)

ಆಗ ಮೂರನೇ ಬೆಂಚಿನಿಂದ ಕದಿರೇಶ ಎದ್ದು ನಿಂತ. ಅವನಿಗೆ ಎಲ್ಲದರಲ್ಲೂ ತಕರಾರು.

“ಆ ಒಂದು ಎಲ್ಲಿಂದ ಬಂತು?”

“ಮೇಷ್ಟ್ರು ಯಾವಾಗ್ಲೂ ಹಾಕ್ತಿದ್ರು,” ಎಂದಳು ಮುನಿಶಾಮಮ್ಮ.

“ಅವರು ಹಾಕ್ತಿದ್ರು, ನಾವೂ ಹಾಕ್ತಿದ್ವಿ. ಎಲ್ಲಿಂದ ಬಂತು ಅಂತ ಹೇಳು. ಮೊದಲ ಜೋಡೀಲಿ ಮೂರು ಎಕ್ಸ್ ಸಾಮಾನ್ಯವಾಗಿ ಐತೆ, ಹೊರಗೆ ತಗೊಂಡೆ. ಎರಡನೇ ಜೋಡೀಲಿ ಸಾಮಾನ್ಯವಾದ್ದು ಏನೂ ಇಲ್ಲ. ಏನೂ ಇಲ್ಲ ಅಂದ್ರೆ ಸೊನ್ನೆ ತಾನೇ?”

ತರಗತಿಯಲ್ಲಿ ಮುಕ್ಕಾಲು ಪಾಲು ಕದಿರೇಶನ ಕಡೆಗೆ ತಿರುಗಿತು. ನಾನೂ ಸೊನ್ನೆಯ ಕಡೆಯವನೇ. ಒಂದು ಹಾಕಿದರೆ ಉತ್ತರ ಸರಿಯಾಗುತ್ತದೆಂದು ಎಲ್ಲರಿಗೂ ಗೊತ್ತು, ಯಾಕೆಂದು ಒಬ್ಬರಿಗೂ ಗೊತ್ತಿಲ್ಲ. “ಒಂದನ್ನ ಮರೀಬ್ಯಾಡ್ರಪ್ಪೋ!” ಎಂದು ಮೇಷ್ಟ್ರು ಎರಡು ವರ್ಷ ಕೂಗಿದ್ದರು, ನಾವು ಮರೆಯದೆ ಹಾಕಿದ್ದೆವು, ಅಷ್ಟೆ.

ಮೇಷ್ಟ್ರ ಮುಖ ಸಪ್ಪಗಾಯಿತು. ಏನೋ ಹೇಳಲು ಬಾಯಿ ತೆರೆದರು, ಅಭ್ಯಾಸ. ಮುಚ್ಚಿಕೊಂಡರು. ಬೋರ್ಡಿನ ಮೂಲೆಯಲ್ಲಿ ಇಷ್ಟು ಬರೆದರು:

x = 1

ಮತ್ತೆ ಪಕ್ಕಕ್ಕೆ ಸರಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಕ್ಸ್ ಇದ್ದ ಕಡೆ ಒಂದನ್ನು ಇಟ್ಟು ನೋಡಬೇಕು ಎಂದು ಮೊದಲು ಹೊಳೆದದ್ದು ಮುನಿಶಾಮಮ್ಮನಿಗೆ. “ಆರು, ಹನ್ನೊಂದು, ಮೂರು. ಇಪ್ಪತ್ತಾಯ್ತು,” ಎಂದಳು. “ಈಗ ನಿನ್ನ ಸೊನ್ನೆ ಹಾಕ್ತೀನಿ ನೋಡು. ಮೂರು ಎಕ್ಸ್ ಅಂದ್ರೆ ಮೂರು. ಎರಡು ಎಕ್ಸ್ ಪ್ಲಸ್ ಮೂರು ಅಂದ್ರೆ ಐದು. ಮೂರೈದ್ಲೆ ಹದಿನೈದು. ಆ ಕಡೆ ಸೊನ್ನೆ ಐದ್ಲೆ ಸೊನ್ನೆ. ಹದಿನೈದೇ ಬಂತು. ಐದು ಎಲ್ಲೋಯ್ತು?”

ಕದಿರೇಶ ಬೆರಳು ಮಡಿಸಿ ಮತ್ತೆ ಎಣಿಸಿದ.

“ಆ ಐದು ಒಂದ್ಸಲ ಐತೆ ಕಣೋ,” ಎಂದಳು ಅವಳು. ಧ್ವನಿ ತಾನಾಗಿಯೇ ಏರಿತ್ತು. “ಒಂದ್ಸಲ ಇರೋದನ್ನ ಇಲ್ಲವೇ ಇಲ್ಲ ಅಂತ ಹೆಂಗಂತೀಯ? ಅದಕ್ಕೇ ಒಂದು!”

ಮೇಷ್ಟ್ರು ಬೋರ್ಡು ತಟ್ಟಿದರು, ಒಂದು ಸಲ. ಮುನಿಶಾಮಮ್ಮ (3x + 1)(2x + 3) ಎಂದು ಉತ್ತರ ಬರೆದು ಬಂದು ಕೂತಳು. ಬೆವರುತ್ತಿದ್ದಳು.

ಆ ದಿನ ಮೇಷ್ಟ್ರು ಮನೆಗೆ ಹೋದವರು ಊಟಕ್ಕೆ ಕೂರಲಿಲ್ಲವಂತೆ. ಗೌಹರಮ್ಮ ಏನಾಯಿತೆಂದು ಕೇಳಿದ್ದಕ್ಕೆ ಸ್ಲೇಟಿನ ಮೇಲೆ, ‘ಇಷ್ಟು ವರ್ಷ ನಾನು ಹಾಡಿದೆ. ಅವರು ತಾಳ ಹಾಕಿದರು,’ ಎಂದು ಬರೆದು ತೋರಿಸಿದರಂತೆ. ಸಂತೋಷಕ್ಕೋ ದುಃಖಕ್ಕೋ ತನಗೆ ತಿಳಿಯಲಿಲ್ಲ ಎಂದರು ಗೌಹರಮ್ಮ. “ನಕ್ಕೊ ಜೀ, ಅದೆಲ್ಲ ಬೇಡ, ಊಟ ಮಾಡಿ ಅಂದೆ. ಆಮೇಲೆ ಮಾಡಿದರು.”

ಅಲ್ಲಿಂದ ಮುಂದೆ ಲೆಕ್ಕದ ಪೀರಿಯಡ್ ಎಂದರೆ ಮೇಷ್ಟ್ರು ಒಂದು ಸಾಲು ಬರೆಯುವುದು, ನಾವು ಒಬ್ಬೊಬ್ಬರಾಗಿ ಎದ್ದು ಬಿಡಿಸಿ ಹೇಳುವುದು. ಒಂದು ತಟ್ಟಿದರೆ ಸರಿ. ಎರಡು ತಟ್ಟಿದರೆ ಎಲ್ಲೋ ತಪ್ಪಿದೆ. ಎಲ್ಲಿ ಎಂದು ಅವರು ತೋರಿಸುತ್ತಿರಲಿಲ್ಲ. ನಾವೇ ಹುಡುಕಬೇಕು. ಜಗಳವಾಗುತ್ತಿತ್ತು. ಮೈನಸ್ ಹನ್ನೆರಡು ಬರಬೇಕಾದರೆ ನಾಲ್ಕಕ್ಕೆ ಮೈನಸ್ಸೋ ಮೂರಕ್ಕೆ ಮೈನಸ್ಸೋ ಎಂದು ತೆಲುಗಿನಲ್ಲಿ ಕೂಗಾಡಿ, ನಡುವಿನ ಪದ ನೋಡಿ ಕನ್ನಡದಲ್ಲಿ ರಾಜಿಯಾಗುತ್ತಿದ್ದೆವು. ನಿಧಾನವಾಗಿ ಹೋಗುತ್ತಿತ್ತು ಪಾಠ. ಬೇರೆ ಸ್ಕೂಲಿನವರು ಎರಡು ಅಧ್ಯಾಯ ಮುಂದಿದ್ದರು.

ಇದು ಊರಿನಲ್ಲಿ ಬೇರೆಯೇ ರೂಪದಲ್ಲಿ ಹರಡಿತು. ಸಾಬ್ ಮೇಷ್ಟ್ರು ಸುಮ್ಮನೆ ನಿಂತಿರುತ್ತಾರೆ, ಹುಡುಗರೇ ಪಾಠ ಮಾಡಿಕೊಳ್ಳುತ್ತಾರೆ ಎಂದು ಟೀ ಅಂಗಡಿಯಲ್ಲಿ ಮಾತಾಯಿತು. ಯಾರೋ ದೊಡ್ಡವೆಂಕಟಪ್ಪನವರಿಗೆ, “ಮೊದ್ಲು ಮೇಷ್ಟ್ರ ಕೂಗು ಬಸ್ ಕಟ್ಟೆಗೆ ಕೇಳ್ತಿತ್ತು. ಈಗ ನಿನ್ ಮಗಳ ಕೂಗು ಕೇಳ್ತೈತಲ್ಲಣ್ಣ,” ಎಂದರು. ಅವರಿಗೆ ಅದು ನಾಟಿತು. ಮಾರನೆಯ ಬೆಳಿಗ್ಗೆಯೇ ಹೆಡ್ ಮಾಸ್ಟರ ಕೋಣೆಗೆ ಬಂದರು. ಕಿಟಕಿ ತೆರೆದಿತ್ತು, ನಮಗೆಲ್ಲ ಕೇಳಿಸಿತು.

“ಏನ್ ಸಾಮಿ, ಮಾತೇ ಬರ್ದೋರ್ನ ಇಟ್ಕೊಂಡು ಮಕ್ಳಿಗೆ ಲೆಕ್ಕ ಎಂಗೆ ಕಲಿಸ್ತೀರ? ಅವರ ಕಷ್ಟ ನಂಗೂ ಗೊತ್ತು. ಪಾಪ. ಆದ್ರೆ ಎಸ್ಸೆಸ್ಸೆಲ್ಸಿ ಹುಡುಗ್ರ ಗತಿ ಏನು? ನನ್ ಮಗಳು ಗಂಡುಡುಗ್ರ ಮುಂದೆ ನಿಂತ್ಕೊಂಡು ಕೂಗಾಡೋಕೆ ನಾನು ಸ್ಕೂಲಿಗೆ ಕಳಿಸ್ತಿಲ್ಲ.”

ಕೋದಂಡರಾಮಪ್ಪನವರು ಎಂದಿನಂತೆ ಗಾಬರಿಯಾದರು. ಆದರೆ ಆ ಗಾಬರಿಯಲ್ಲೇ ಒಂದು ಒಳ್ಳೆಯ ಮಾತು ಹೇಳಿದರು. “ವೆಂಕಟಪ್ಪನೋರೇ, ನಾನೂ ಅಲ್ಲಿ ಕೂತು ನೋಡಿಲ್ಲ. ನೀವೂ ನೋಡಿಲ್ಲ. ಬನ್ನಿ, ಇಬ್ಬರೂ ಕೂತು ನೋಡಿಬಿಡೋಣ.”

ಅವತ್ತು ಇಬ್ಬರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅಪ್ಪನನ್ನು ಕಂಡು ಮುನಿಶಾಮಮ್ಮ ಬಾಯಿಯೇ ಬಿಡಲಿಲ್ಲ. ಅವಳ ಸರದಿ ಬಂದಾಗ ಮೇಷ್ಟ್ರು ಅವಳನ್ನು ಬಲವಂತ ಮಾಡದೆ ಪಕ್ಕದವಳನ್ನು ಎಬ್ಬಿಸಿದರು. ದೊಡ್ಡವೆಂಕಟಪ್ಪ ಪೀರಿಯಡ್ ಮುಗಿಯುವವರೆಗೂ ಕೂತಿದ್ದು, ಎದ್ದು ತೋಪಿನ ಕಡೆಗೆ ಹೊರಟುಹೋದರು. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಯಾರಿಗೂ ತಿಳಿಯಲಿಲ್ಲ. ಮಗಳನ್ನು ಬಿಡಿಸಿಯೂ ಬಿಡಲಿಲ್ಲ.

ಮಳೆಗಾಲ ಮುಗಿಯಿತು. ಬೇರೆ ಲೆಕ್ಕದ ಮೇಷ್ಟ್ರು ಬರಲಿಲ್ಲ, ಕೋದಂಡರಾಮಪ್ಪನವರೂ ಮತ್ತೆ ಕೇಳಲು ಹೋಗಲಿಲ್ಲ.

ತ್ರಿಕೋನಮಿತಿ ಬಂದದ್ದು ಚಳಿಗಾಲದಲ್ಲಿ. ಸೈನ್, ಕಾಸ್, ಟ್ಯಾನ್ ಎಂಬ ಹೆಸರುಗಳನ್ನು ಕೇಳಿಯೇ ನಮಗೆ ಹೆದರಿಕೆ. ಮೇಷ್ಟ್ರು ಬೋರ್ಡಿನ ಮೇಲೆ ಲಂಬಕೋನ ತ್ರಿಭುಜಗಳನ್ನು ಬರೆದರು: ಒಂದು ಪುಟ್ಟದು, ಒಂದು ದೊಡ್ಡದು, ಒಂದು ಬೋರ್ಡು ತುಂಬುವಷ್ಟು. ಮೂರಕ್ಕೂ ಕೆಳಗಿನ ಮೂಲೆಯ ಕೋನ ಒಂದೇ. ಸ್ಕೇಲು ಕೊಟ್ಟು ಅಳೆಯುವಂತೆ ಸನ್ನೆ ಮಾಡಿದರು. ಕೋನದ ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದರೆ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬಂತು. ತ್ರಿಭುಜ ದೊಡ್ಡದಾದರೂ ಆ ಸಂಖ್ಯೆ ಕದಲುವುದಿಲ್ಲ, ಕೋನ ಬದಲಾದರೆ ಮಾತ್ರ ಬದಲಾಗುತ್ತದೆ. ಆ ಸಂಖ್ಯೆಗೇ ಟ್ಯಾನ್ ಎಂದು ಹೆಸರು. ಇದನ್ನು ನಮ್ಮ ಬಾಯಿಂದ ಹೊರಡಿಸಲು ಅವರಿಗೆ ಎರಡು ಪೀರಿಯಡ್ ಬೇಕಾಯಿತು. ಹೆದರಿಕೆ ಅಲ್ಲಿಗೆ ಹೋಯಿತು.

ಮುಂದಿನ ಶನಿವಾರ ಮೇಷ್ಟ್ರು ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಸ್ಕೂಲಿನ ಬೇಲಿಯ ಪಕ್ಕದಲ್ಲೇ ದೊಡ್ಡ ಹುಣಸೆಮರ. ಅದರ ಎತ್ತರ ಹೇಳಬೇಕು, ಹತ್ತಕೂಡದು. ಮರದಿಂದ ಮಾಡಿದ ದೊಡ್ಡ ಕೋನಮಾಪಕದ ನಡುವಿಗೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿದ್ದರು. ಅದರ ನೇರ ಅಂಚಿನ ಉದ್ದಕ್ಕೂ ಕಣ್ಣಿಟ್ಟು ಮರದ ತುದಿ ನೋಡಿದರೆ, ದಾರ ಎಲ್ಲಿ ನಿಂತಿತೆಂದು ನೋಡಿ ಕೋನ ತಿಳಿಯಬಹುದು.

ದೊಡ್ಡವೆಂಕಟಪ್ಪ ತೋಪಿನಲ್ಲಿ ಗಿಡಗಳಿಗೆ ಪಾತಿ ಮಾಡಿಸುತ್ತಿದ್ದರು. ನಾವು ಮರದ ಬುಡದಲ್ಲಿ ಗುಂಪು ಸೇರಿದ್ದು ಕಂಡು ಬೇಲಿಯ ಹತ್ತಿರ ಬಂದು ನಿಂತರು. ಮೇಷ್ಟ್ರು ಅವರನ್ನು ಕಂಡು ಕೈಬೀಸಿ ಕರೆದು, ಅಳತೆಯ ಟೇಪಿನ ಒಂದು ತುದಿಯನ್ನು ಅವರ ಕೈಗೆ ಕೊಟ್ಟುಬಿಟ್ಟರು. ಅವರು ಬೇಡವೆನ್ನಲಾರದೆ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದುಕೊಂಡರು.

ಕೋನಮಾಪಕ ಮುನಿಶಾಮಮ್ಮನ ಕೈಯಲ್ಲಿತ್ತು. ಅವಳು ಅಪ್ಪನ ಕಡೆಗೊಮ್ಮೆ ನೋಡಿ, ಆಮೇಲೆ ನೋಡುವುದನ್ನು ಬಿಟ್ಟಳು. ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋಗಿ ಒಂದು ಕಡೆ ನಿಂತು, “ನಲವತ್ತೈದು ಡಿಗ್ರಿ!” ಎಂದು ಕೂಗಿದಳು. ಟೇಪು ಒಂಬತ್ತು ಮೀಟರ್ ತೋರಿಸಿತು.

“ನಲವತ್ತೈದಕ್ಕೆ ಟ್ಯಾನ್ ಒಂದು. ಅಂದ್ರೆ ಎತ್ತರ, ದೂರ ಎರಡೂ ಸಮ. ಮರ ಒಂಬತ್ತು ಮೀಟರ್ ಐತೆ,” ಎಂದಳು.

ಮೇಷ್ಟ್ರು ಹುಣಸೆಮರದ ಬೊಡ್ಡೆಯನ್ನೇ ತಟ್ಟಿದರು, ಎರಡು ಸಲ.

“ಏ, ಸರ್ಯಾಗೇ ಹೇಳವ್ಳಲ್ಲ ನನ್ ಮಗಳು! ಟೇಪು ನಾನೇ ಹಿಡ್ದಿದ್ದೀನಿ, ಒಂಬತ್ತೇ!” ಎಂದರು ದೊಡ್ಡವೆಂಕಟಪ್ಪ, ಕೂತಲ್ಲಿಂದಲೇ. ಲೆಕ್ಕ ಏನೆಂದು ಅವರಿಗೆ ಗೊತ್ತಿರಲಿಲ್ಲ. ಮಗಳಿಗೆ ತಪ್ಪೆಂದದ್ದು ಮಾತ್ರ ತಿಳಿದಿತ್ತು.

ನಾವೆಲ್ಲ ಯೋಚಿಸಿದೆವು. ಕದಿರೇಶ ಅವಳ ಪಕ್ಕ ಹೋಗಿ ನಿಂತು, ಅವಳನ್ನೂ ಮರವನ್ನೂ ನೋಡಿ, “ಲೇ, ನೀನು ನೆಲದ ಮೇಲೆ ಮಲಗಿ ನೋಡಿದ್ಯಾ?” ಎಂದ.

“ಏನ್ಲಾ ಹಂಗಂದ್ರೆ?”

“ನಿನ್ ಕಣ್ಣು ಎಲ್ಲೈತೆ? ನೆಲದ ಮೇಲಲ್ಲ. ತ್ರಿಭುಜ ನಿನ್ ಕಣ್ಣಿಂದ ಶುರುವಾಗ್ತದೆ. ಕಣ್ಣಿಂದ ಕೆಳಗಿನ ಮರ ಲೆಕ್ಕಕ್ಕೇ ಬಂದಿಲ್ಲ.”

ದೊಡ್ಡವೆಂಕಟಪ್ಪ ಟೇಪು ಬಿಟ್ಟು ಎದ್ದರು. “ಏಯ್, ಯಾರ ಮಗನ್ಲಾ ನೀನು...”

“ಇಲ್ಲಪ್ಪ, ಇವನು ಹೇಳಿದ್ದೇ ಸರಿ,” ಎಂದು ನಕ್ಕಳು ಮುನಿಶಾಮಮ್ಮ. “ನಂದೇ ತಪ್ಪು. ನನ್ ಕಣ್ಣಿನ ಎತ್ತರ ಸೇರಿಸ್ಬೇಕು.”

ಅವಳ ಕಣ್ಣಿನವರೆಗೆ ಅಳೆದರು. ಒಂದು ಮೀಟರ್ ನಲವತ್ತು. ಮರ ಹತ್ತು ಮೀಟರ್ ನಲವತ್ತು ಎಂದಾಯಿತು. ಮೇಷ್ಟ್ರು ಒಂದು ಸಲ ತಟ್ಟಿದರು. ಆಮೇಲೆ ಇನ್ನೂ ದೂರ ಹೋಗಿ ಮೂವತ್ತು ಡಿಗ್ರಿಯಿಂದ ನೋಡಿ ಅದನ್ನೇ ಪರೀಕ್ಷಿಸಿದೆವು. ಒಂದು ಗೇಣಿನಷ್ಟು ವ್ಯತ್ಯಾಸ ಬಂತು. ದಾರ ಗಾಳಿಗೆ ಆಡಿದ್ದಕ್ಕೆ ಎಂದು ಕೆಲವರು, ಟೇಪು ಸಡಿಲ ಹಿಡಿದದ್ದಕ್ಕೆ ಎಂದು ಕೆಲವರು. ಟೇಪು ಹಿಡಿದವರ ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡವೆಂಕಟಪ್ಪ ಮೇಷ್ಟ್ರ ಹತ್ತಿರ ಬಂದು ನಿಂತರು.

“ಸಾಬ್ರೇ, ನಮ್ಮನೇಲಿ ನಂದು ತಪ್ಪು ಅಂತ ಇದುವರೆಗೂ ಯಾರೂ ಒಪ್ಕೊಂಡಿದ್ದಿಲ್ಲ. ನಾನಂತೂ ಒಪ್ಕೊಂಡೋನೇ ಅಲ್ಲ. ಇವಳು ಅಷ್ಟು ಜನದ ಮುಂದೆ ನಂದೇ ತಪ್ಪು ಅಂದ್ಲಲ್ಲ. ನಗ್ತಾನೇ ಅಂದ್ಲು.” ಪಂಚೆಯ ಮಣ್ಣು ಕೊಡವಿಕೊಂಡು, “ಕೂಗಾಡ್ಲಿ ಬಿಡಿ,” ಎಂದರು.

ಮೇಷ್ಟ್ರು ನಕ್ಕರು. ಅವರ ನಗುವಿಗೆ ಸದ್ದಿರಲಿಲ್ಲ, ಭುಜಗಳು ಕುಣಿಯುತ್ತಿದ್ದವು. ಆಪರೇಷನ್ ಆದ ಮೇಲೆ ಅವರು ನಕ್ಕಿದ್ದನ್ನು ನಾವು ಅವತ್ತೇ ಮೊದಲ ಸಲ ನೋಡಿದ್ದು.

ಎಂಬತ್ತರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಪವಾಡವೇನೂ ಆಗಲಿಲ್ಲ. ಪಾಠ ಪೂರ್ತಿ ಮುಗಿದಿರಲಿಲ್ಲ, ಕೊನೆಯ ಅಧ್ಯಾಯದ ಪ್ರಶ್ನೆಗಳನ್ನು ನಾವೆಲ್ಲ ಬಿಟ್ಟು ಬಂದಿದ್ದೆವು. ಆದರೂ ಲೆಕ್ಕದಲ್ಲಿ ಫೇಲಾದವರು ಹಿಂದಿನ ವರ್ಷಗಳಿಗಿಂತ ಕಡಿಮೆಯೇ. ಮುನಿಶಾಮಮ್ಮ ಲೆಕ್ಕದಲ್ಲಿ ಒಳ್ಳೆಯ ಅಂಕ ತೆಗೆದು ಇಂಗ್ಲಿಷಿನಲ್ಲಿ ಫೇಲಾದಳು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದಳು. ಆಮೇಲೆ ಅಪ್ಪನೇ ಕರೆದುಕೊಂಡು ಹೋಗಿ ಕೋಲಾರದಲ್ಲಿ ಟಿ.ಸಿ.ಎಚ್.ಗೆ ಸೇರಿಸಿದರು. ಮಾಲೂರು ಕಡೆ ಮಾಸ್ತಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರೈಮರಿ ಮೇಡಂ ಆದಳು. ಕದಿರೇಶ ಲೆಕ್ಕದಲ್ಲಿ ನನಗಿಂತ ಐದು ಅಂಕ ಹೆಚ್ಚು ತೆಗೆದ. ಅದನ್ನು ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಲಿಯಾಖತ್ ಮೇಷ್ಟ್ರು ಇನ್ನೂ ಏಳೆಂಟು ವರ್ಷ ಅಲ್ಲೇ ಪಾಠ ಮಾಡಿದರು. ವರ್ಷ ವರ್ಷವೂ ಎಂಟನೇ ಕ್ಲಾಸಿಗೆ ಹೊಸದಾಗಿ ಬಂದವರು ಮೊದಲ ವಾರ ಅವರ ಕುತ್ತಿಗೆಯ ಬಟ್ಟೆ ನೋಡುತ್ತಿದ್ದರು, ಎರಡನೆಯ ವಾರದಿಂದ ಬೋರ್ಡು ನೋಡುತ್ತಿದ್ದರು. ಪಾಠ ಬೇಗ ಸಾಗಲಿ ಎಂದು ಎಷ್ಟೋ ಸಂಗತಿಗಳನ್ನು ಮೊದಲೇ ದಪ್ಪ ಹಾಳೆಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕುವ ಪದ್ಧತಿ ಇಟ್ಟುಕೊಂಡರು. ಒಬ್ಬ ಅಧಿಕಾರಿ ಬಂದು, ಮಾತು ಬಾರದವರನ್ನು ಪಾಠಕ್ಕೆ ಇಟ್ಟುಕೊಳ್ಳುವುದು ಯಾವ ನಿಯಮದಲ್ಲಿದೆ ಎಂದು ಕೇಳಿದ್ದೂ ಉಂಟು. ಇಟ್ಟುಕೊಳ್ಳಬಾರದೆಂದು ಯಾವುದರಲ್ಲಿದೆ ಎಂದು ಕೋದಂಡರಾಮಪ್ಪನವರು ತಿರುಗಿ ಕೇಳಿದರಂತೆ. ಅಷ್ಟು ಹೊತ್ತಿಗೆ ಅವರಿಗೂ ಗಾಬರಿ ಕಡಿಮೆಯಾಗಿತ್ತು.

ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಗಂಡ ಹೆಂಡತಿ ಮುಳಬಾಗಿಲಿಗೆ ಹೋಗಿ ನೆಲೆಸಿದರು. ಕೋಲಾರದ ಆಸ್ಪತ್ರೆಯ ಆ ಹಳೆಯ ಡಾಕ್ಟರು ಅವರನ್ನು ಮರೆತಿರಲಿಲ್ಲ. ಇಂಥದೇ ಗಡ್ಡೆ ಬಂದು, ಆಪರೇಷನ್ ಬೇಡವೆಂದು ಹಟ ಹಿಡಿದವರು ಯಾರಾದರೂ ಬಂದರೆ ಮೇಷ್ಟ್ರಿಗೆ ಹೇಳಿಕಳಿಸುತ್ತಿದ್ದರು. ಮೇಷ್ಟ್ರು ಹೋಗಿ ರೋಗಿಯ ಎದುರು ಸುಮ್ಮನೆ ಕೂರುತ್ತಿದ್ದರು. ಟೀ ಕುಡಿದು ತೋರಿಸುತ್ತಿದ್ದರು, ಬಟ್ಟೆ ಸರಿಸಿ ಕುತ್ತಿಗೆ ತೋರಿಸುತ್ತಿದ್ದರು. ಮಾತಿಗೆ ಗೌಹರಮ್ಮ.

ಎಂಬತ್ತೊಂಬತ್ತರಲ್ಲಿ ಒಮ್ಮೆ ನಾನು ಅವರನ್ನು ನೋಡಲು ಹೋದಾಗ ಇಬ್ಬರೂ ಕೋಲಾರಕ್ಕೆ ಹೊರಟಿದ್ದರು, ನಾನೂ ಜೊತೆಗೆ ಹೋದೆ. ತಾಯಲೂರಿನ ಕಡೆಯ ಒಬ್ಬ ರೈತ, ಪೆದ್ದಪ್ಪ ಎಂದು ಹೆಸರು, ಮಂಚದ ಮೇಲೆ ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದ. ಓದು ಬಾರದ ಮನುಷ್ಯ. ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, ಒಡಕು ಧ್ವನಿಯಲ್ಲಿ ಗೌಹರಮ್ಮನಿಗೆ ಹೇಳಿದ:

“ಇವರು ಓದಿದೋರು ತಾಯಿ, ಬರೆದು ತೋರಿಸ್ತಾರೆ. ನಾನು ನನ್ ಎತ್ತುಗಳಿಗೆ ಏನಂತ ಬರೆದು ತೋರಿಸ್ಲಿ? ಹೋಯ್ ಅಂತ ಕೂಗ್ದೆ ಅವು ನೇಗ್ಲು ಎಳೀತಾವಾ?”

ಗೌಹರಮ್ಮ ಗಂಡನ ಮುಖ ನೋಡಿದರು. ಮೇಷ್ಟ್ರು ಭುಜ ಕುಣಿಸಿ ನಕ್ಕರು.

“ನಮ್ಮೋರು ವರ್ಷ ವರ್ಷಾನೂ ಮಾತು ಕೇಳ್ದಿರೋ ನಲವತ್ತು ಹುಡುಗ್ರನ್ನ ಹಿಂಗೇ ಎಳೆಸಿದ್ರು ಕಣಣ್ಣ,” ಎಂದರು ಗೌಹರಮ್ಮ. “ನಿನಗೆ ಇರೋದು ಎರಡು ಎತ್ತು. ಅವೂ ನಿನ್ನ ಮಾತು ಕೇಳೋವು.”

ಪೆದ್ದಪ್ಪನಿಗೆ ನಗು ಬಂತು. ನಕ್ಕಿದ್ದಕ್ಕೆ ಕೆಮ್ಮೂ ಬಂತು. ಕೆಮ್ಮು ನಿಂತ ಮೇಲೆ ಎದ್ದು ಕೂತು, ಆ ಬಟ್ಟೆಯನ್ನು ಕುತ್ತಿಗೆಗೆ ಹೇಗೆ ಕಟ್ಟಿಕೊಳ್ಳುವುದು ತೋರಿಸಿ ಎಂದು ಕೇಳಿದ.